ಹುಡುಗ ಏನ್ ಮಾಡ್ತಾನೆ? – 'ನಥಿಂಗ್ ಬಟ್ ಎ ಮ್ಯಾನ್' ನೋಡಿದ ಮೇಲೆ ಆಡಿದ ಮಾತು

ಎಲ್ಲರಿಗೂ ನಮಸ್ಕಾರ. ಸಿನಿಮಾ ಮುಗಿದು ಲೈಟ್ ಹಾಕಿದ ಮೇಲೂ ನೀವೆಲ್ಲ ಕೂತಿದ್ದೀರಿ. ಹೊರಗೆ ಚಹಾ ರೆಡಿ ಇದೆ ಅಂತ ಗೊತ್ತಿದ್ದೂ ಕೂತಿದ್ದೀರಿ. ತುಂಬಾ ಸಂತೋಷ. ನನಗೆ ಕೊಟ್ಟಿರುವುದು ಮುಕ್ಕಾಲು ಗಂಟೆ, ಹೇಳಬೇಕಾದ್ದು ಜಾಸ್ತಿ ಇದೆ. ಹಾಗಾಗಿ ಕಥೆ ಹೇಳುತ್ತಾ ಕೂರುವುದಿಲ್ಲ. ಕಥೆ ನೀವೇ ಈಗಷ್ಟೇ ನೋಡಿದಿರಿ.

1964ರ ಈ ಅಮೆರಿಕನ್ ಚಿತ್ರದ ನಿರ್ದೇಶಕ ಮೈಕೆಲ್ ರೋಮರ್ 2025ರ ಮೇ ತಿಂಗಳಲ್ಲಿ ತೀರಿಕೊಂಡರು. 97 ವರ್ಷ ಆಗಿತ್ತು. ಅವರ ಜೊತೆ ಕೂತು ಚಿತ್ರಕಥೆ ಬರೆದು, ಕ್ಯಾಮೆರಾನೂ ತಾವೇ ಹಿಡಿದ ರಾಬರ್ಟ್ ಯಂಗ್ ಅದರ ಹಿಂದಿನ ವರ್ಷ, 2024ರಲ್ಲಿ, ಹೋದರು. ಅವರಿಗೆ 99. ದೊಡ್ಡ ನಿರ್ದೇಶಕರು ಯಾರಾದರೂ ಹೋದರೆ ನಮ್ಮ ಗ್ರೂಪುಗಳ ತುಂಬ ಶ್ರದ್ಧಾಂಜಲಿ ಬರುತ್ತದೆ, ಹಳೇ ಫೋಟೋ ಬರುತ್ತದೆ, ಅವರ ಹತ್ತು ಶ್ರೇಷ್ಠ ಚಿತ್ರಗಳ ಪಟ್ಟಿ ಬರುತ್ತದೆ. ಇವರಿಬ್ಬರ ಬಗ್ಗೆ ನನಗೆ ಒಂದು ಮೆಸೇಜೂ ಬರಲಿಲ್ಲ. ಅದು ನನ್ನನ್ನು ಬಹಳ ದಿನ ಕಾಡಿತು. ನಮ್ಮ ಸಿನಿಮಾ ಸಂಘದ ಗೆಳೆಯರ ಬೆನ್ನು ಹತ್ತಿ ಈ ಚಿತ್ರ ಹಾಕಿಸಿದ್ದು ಅದಕ್ಕೇ.

ನಾನು ಹೇಳಬೇಕು ಅಂದುಕೊಂಡಿರುವುದು ಒಂದೇ ವಿಷಯ. ಅದನ್ನೇ ಸುತ್ತಿ ಸುತ್ತಿ ಹೇಳುತ್ತೇನೆ, ಸಹಿಸಿಕೊಳ್ಳಿ. ಪ್ರೇಮಕಥೆ ಅಂದರೆ ನಮಗೆ ಹುಡುಗ ಹುಡುಗಿ ಒಂದಾಗುತ್ತಾರಾ ಇಲ್ವಾ ಅನ್ನೋದು ಮುಖ್ಯ. ಮದುವೆ ಆಯಿತು, ಶುಭಂ ಅಂತ ಪರದೆ ಮೇಲೆ ಬಂತು, ಎದ್ದು ಹೊರಟೆವು. ಈ ಚಿತ್ರದಲ್ಲಿ ಮದುವೆ ನಡುವೆಯೇ ಆಗಿಹೋಗುತ್ತದೆ, ಅದೂ ಸಡಗರ ಇಲ್ಲದೆ. ಆಮೇಲೆ ಏನು ಕಥೆ? ಆಮೇಲೆ ಬಾಡಿಗೆ, ಸಂಬಳ, ಮೇಸ್ತ್ರಿಯ ಮಾತು, ಮಾವನ ಮುಖ. ಪ್ರೀತಿ ಸಿಗುವುದು ಸುಲಭ, ಕೂಲಿ ಕಿತ್ತುಕೊಂಡ ಮನೆಯಲ್ಲಿ ಅದನ್ನು ಉಳಿಸಿಕೊಳ್ಳುವುದು ಕಷ್ಟ. ಇದನ್ನು ಇಷ್ಟು ಹತ್ತಿರದಿಂದ ತೋರಿಸಿದ ಇನ್ನೊಂದು ಚಿತ್ರ ನಾನು ನೋಡಿಲ್ಲ.

ನಮ್ಮ ಕಡೆ ಹೆಣ್ಣು ಕೊಡುವಾಗ ಮೊದಲ ಪ್ರಶ್ನೆ ಏನು? 'ಹುಡುಗ ಏನ್ ಮಾಡ್ತಾನೆ?' ಜಾತಕ ಆಮೇಲೆ. ಈ ಪ್ರಶ್ನೆಗೆ 'ಹೊಲ ಮಾಡ್ತಾನೆ' ಅಂತ ಉತ್ತರ ಹೇಳಿ ಹೇಳಿ ಸಾಕಾದ ಮಂಡ್ಯದ ಕಡೆಯ ಹುಡುಗರು 2023ರಲ್ಲಿ ಹೆಣ್ಣು ಸಿಗಲಿ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರಲ್ಲ, ನೆನಪಿದೆಯಾ? ಪೇಪರಿನವರು ಅದನ್ನು ತಮಾಷೆ ಸುದ್ದಿ ಮಾಡಿದರು. ನನಗೆ ನಗು ಬರಲಿಲ್ಲ. ಈ ಚಿತ್ರದಲ್ಲಿ ಅಲಬಾಮಾ ರಾಜ್ಯದ ಪಾದ್ರಿ ಡಾಸನ್ ತನ್ನ ಮಗಳನ್ನು ಪ್ರೀತಿಸುವ ನಾಯಕ ಡಫ್‌ನನ್ನು ನೋಡುವ ನೋಟದಲ್ಲೂ ಇರುವುದು ಅದೇ ಪ್ರಶ್ನೆ. ಡಫ್ ಕರಿಯ, ಪಾದ್ರಿಯೂ ಕರಿಯ. ಇಬ್ಬರಿಗೂ ಬಿಳಿಯರ ಹೋಟೆಲಿನಲ್ಲಿ ಜಾಗ ಇಲ್ಲ. ಆದರೂ ಪಾದ್ರಿಯ ಮನೆ ಬಾಗಿಲಲ್ಲಿ ಡಫ್ ಹೊರಗಿನವನು.

ಇದು ಬಹಳ ಜನ ಗಮನಿಸದ ಅಂಶ. ಅಮೆರಿಕದ ಕರಿಯರ ಬಗ್ಗೆ ಅಂದ ಕೂಡಲೇ ನಾವು ಕರಿಯ-ಬಿಳಿಯ ಜಗಳಕ್ಕೆ ಕಾಯುತ್ತೇವೆ. ಆದರೆ ಚಿತ್ರ ಶುರುವಾಗುವುದು ರೈಲು ಹಳಿ ಮೇಲೆ. ಡಫ್ ರೈಲ್ವೆ ಗ್ಯಾಂಗ್‌ಮನ್. ಗ್ಯಾಂಗಿನವರ ವಾಸ ಬೋಗಿಯಲ್ಲೇ, ಹಳಿ ಎಲ್ಲಿಗೆ ಒಯ್ಯುತ್ತದೋ ಅಲ್ಲೇ ಊರು. ಸಂಜೆ ಆದರೆ ಚೆಕ್ಕರ್ಸ್ ಆಟ, ಕುಡಿತ, ಒಬ್ಬರನ್ನೊಬ್ಬರು ಕಾಲೆಳೆಯುವುದು. ಅಲ್ಲೊಬ್ಬ ಎತ್ತರದ ಹುಡುಗ ಸದಾ ಕೆಣಕುತ್ತಾ ಇರುತ್ತಾನಲ್ಲ, ಜಾಕೋ, ಅವನು ಯಾಫೆಟ್ ಕೊಟ್ಟೋ. ಮುಂದೆ 1973ರ ಬಾಂಡ್ ಚಿತ್ರದಲ್ಲಿ ವಿಲನ್ ಆದವನು ಇವನೇ. ಆ ಬಾಂಡ್ ಚಿತ್ರದಲ್ಲೇ ಉಕ್ಕಿನ ಕೈ ಇರುವ ಇನ್ನೊಬ್ಬ ಕೇಡಿ ಇದ್ದಾನೆ, ಅವನು ಇಲ್ಲಿ ಡಫ್‌ನ ಅಪ್ಪ ವಿಲ್ ಆಗಿರುವ ಜೂಲಿಯಸ್ ಹ್ಯಾರಿಸ್. ಅಂದರೆ ನಮ್ಮಲ್ಲಿ ಅನೇಕರು ಈ ಇಬ್ಬರನ್ನೂ ಟಿವಿಯಲ್ಲಿ ಎಷ್ಟೋ ಸಲ ನೋಡಿದ್ದೇವೆ. ಅವರು ಎಂಥ ನಟರು ಅಂತ ಮಾತ್ರ ಇವತ್ತು ಗೊತ್ತಾಯಿತು.

ಇರಲಿ, ಡಫ್‌ಗೆ ಬರೋಣ. ರೈಲ್ವೆಯಲ್ಲಿ ಅವನಿಗೆ ಸಂಬಳ ಪರವಾಗಿಲ್ಲ. ಊರೂರು ಅಲೆಯುವುದರಿಂದ ಯಾವ ಊರಿನ ಬಿಳಿ ಧಣಿಗೂ ಅವನು ತಲೆ ಬಾಗಬೇಕಿಲ್ಲ. ಕಷ್ಟ ಶುರುವಾಗುವುದು ಪ್ರೀತಿಯಿಂದ. ಚರ್ಚಿನ ಊಟದಲ್ಲಿ ಜೋಸಿ ಸಿಗುತ್ತಾಳೆ, ಪಾದ್ರಿಯ ಮಗಳು, ಕಾಲೇಜು ಓದಿದವಳು, ಟೀಚರ್. ಅವಳಿಗಾಗಿ ಅವನು ಒಂದು ಊರಿನಲ್ಲಿ ನೆಲೆ ನಿಲ್ಲಬೇಕು. ನೆಲೆ ನಿಲ್ಲಬೇಕಾದರೆ ಗ್ಯಾಂಗ್ ಬಿಡಬೇಕು. ಗ್ಯಾಂಗ್ ಬಿಟ್ಟರೆ ಆ ಊರಿನ ಸಾಮಿಲ್ಲಿಗೆ ಹೋಗಬೇಕು. ಆ ಊರಿನಲ್ಲಿ ಕೆಲಸ ಕೊಡುವವರು ಯಾರು, ಕಿತ್ತುಕೊಳ್ಳುವವರು ಯಾರು ಅಂತ ಎಲ್ಲರಿಗೂ ಗೊತ್ತು. ನೋಡಿ, ಮನೆ ಕಟ್ಟುವ ಆಸೆಯೇ ಅವನನ್ನು ಅವರ ಕೈಗೆ ಸಿಗುವ ಹಾಗೆ ಮಾಡುತ್ತದೆ. ಅಲೆಮಾರಿಯಾಗಿದ್ದಾಗ ಅವನನ್ನು ಯಾರೂ ಮುಟ್ಟಲು ಆಗಿರಲಿಲ್ಲ.

ಸಾಮಿಲ್ ದೃಶ್ಯವನ್ನು ಇನ್ನೊಂದು ಸಲ ಮನಸ್ಸಿಗೆ ತಂದುಕೊಳ್ಳಿ. ಬಿಳಿ ಕೆಲಸಗಾರರು ಬಂದು ಏನೋ ತಮಾಷೆ ಮಾಡುತ್ತಾರೆ. ಕರಿಯರೆಲ್ಲ ನಗುತ್ತಾರೆ. ನಗು ಬಂದು ನಗುವುದಲ್ಲ, ನಕ್ಕುಬಿಟ್ಟರೆ ಆ ದಿನ ಸುಮ್ನೆ ಕಳೆಯುತ್ತದೆ ಅಂತ ನಗುವುದು. ಡಫ್ ನಗುವುದಿಲ್ಲ. ಅಷ್ಟೇ. ಅವನು ಮಾಡಿದ ಮೊದಲ ತಪ್ಪು ಅದು. ಆಮೇಲೆ ಜೊತೆಯವರಿಗೆ ಒಂದು ಮಾತು ಹೇಳುತ್ತಾನೆ, ನಾವೆಲ್ಲ ಒಟ್ಟಿಗೆ ನಿಂತರೆ ಇವರು ಏನು ಮಾಡಿಯಾರು ಅಂತ. ಭಾಷಣ ಅಲ್ಲ, ಊಟದ ಡಬ್ಬಿ ಮುಚ್ಚುತ್ತಾ ಆಡುವಂಥ ಮಾತು. ಅವರಲ್ಲೇ ಒಬ್ಬರು ಅದನ್ನು ಮೇಲಿನವರಿಗೆ ಮುಟ್ಟಿಸುತ್ತಾರೆ. ಮೇಸ್ತ್ರಿ ಕರೆಸುತ್ತಾನೆ. ಕೂಗಾಡುವುದಿಲ್ಲ, ಹೊಡೆಯುವುದಿಲ್ಲ. ಹೇಳಿದ ಮಾತನ್ನು ಎಲ್ಲರ ಎದುರು ವಾಪಸ್ ತಗೋ, ಕೆಲಸ ಉಳಿಯುತ್ತೆ ಅನ್ನುತ್ತಾನೆ. ಡಫ್ ತೆಗೆದುಕೊಳ್ಳುವುದಿಲ್ಲ. ಕೆಲಸ ಹೋಯಿತು.

ಆ ಮೇಸ್ತ್ರಿಯ ಮುಖ ನೋಡಿದಿರಾ? ಕ್ರೂರಿ ಅಂತ ಅನ್ನಿಸುವುದೇ ಇಲ್ಲ. ಈ ಚಿತ್ರದಲ್ಲಿ ಡಫ್‌ನ ಬದುಕು ಮುರಿಯುವವರು ಬಹುಪಾಲು ಮೆತ್ತಗೆ ಮಾತಾಡುವವರು. ಒಬ್ಬರಾದ ಮೇಲೆ ಒಬ್ಬರು ಕೆಲಸ ಇಲ್ಲ ಅನ್ನುತ್ತಾರೆ, ಅವನ ಹೆಸರು ಅವನಿಗಿಂತ ಮೊದಲೇ ಊರೆಲ್ಲ ತಿರುಗಿದೆ. ಹತ್ತಿ ಬಿಡಿಸುವ ಕೂಲಿ ಇದೆ ಅಂತಾರೆ, ಅದಕ್ಕೆ ಅವನು ಹೋಗುವುದಿಲ್ಲ, ತಲತಲಾಂತರದಿಂದ ಅದೇ ಮಾಡಿ ಸವೆದ ಜನ ಅವರು. ಕೊನೆಗೆ ಮಾವನ ಶಿಫಾರಸಿನಿಂದ ಪೆಟ್ರೋಲ್ ಬಂಕಿನಲ್ಲಿ ಕೆಲಸ ಸಿಗುತ್ತದೆ. ಅಲ್ಲಿಗೆ ಕಾರಿನಲ್ಲಿ ಬಂದ ಬಿಳಿಯರು ಅವನ ಹೆಂಡತಿಯ ವಿಷಯ ಎತ್ತಿ ಕೆಣಕುತ್ತಾರೆ, ಅವನು ತಿರುಗಿ ಮಾತಾಡುತ್ತಾನೆ, ಅದೂ ಹೋಯಿತು. ಬಂಕಿನ ಮಾಲೀಕನೂ ಕೆಟ್ಟವನಲ್ಲ. ನನ್ನ ಕೈಲಿ ಏನೂ ಇಲ್ಲ ಅನ್ನುವ ಥರದವನು. 'ನನ್ನ ಕೈಲಿ ಏನೂ ಇಲ್ಲ' ಅನ್ನುವವರ ಕೈಯಲ್ಲಿ ಎಷ್ಟು ಜನರ ಮನೆ ಮುರಿದಿದೆ ಅಂತ ಈ ಹಾಲಿನಲ್ಲಿ ಕೂತ ಎಷ್ಟೋ ಜನಕ್ಕೆ ನಾನು ಹೇಳಬೇಕಾಗಿಲ್ಲ.

ಈಗ ಇದನ್ನು ಮಾಡಿದವರು ಯಾರು ಅನ್ನುವುದಕ್ಕೆ ಬರುತ್ತೇನೆ. ಚಿತ್ರದಲ್ಲಿ ಮುಖ್ಯ ಪಾತ್ರಗಳೆಲ್ಲ ಕರಿಯರು, ಬರೆದವರು ಇಬ್ಬರೂ ಬಿಳಿಯರು. ಈ ಪ್ರಶ್ನೆ ಚಹಾ ಹೊತ್ತಿಗೆ ಖಂಡಿತ ಬರುತ್ತದೆ, ಬರಲೇಬೇಕು. ಮೈಕೆಲ್ ರೋಮರ್ ಹುಟ್ಟಿದ್ದು ಬರ್ಲಿನ್‌ನಲ್ಲಿ, 1928ರಲ್ಲಿ, ಯಹೂದಿ ಮನೆಯಲ್ಲಿ. 1939ರಲ್ಲಿ, 11ನೇ ವಯಸ್ಸಿಗೆ, ಅವನನ್ನು ಇಂಗ್ಲೆಂಡಿಗೆ ಹೋಗುವ ಮಕ್ಕಳ ರೈಲಿಗೆ ಹತ್ತಿಸಿದರು. ಹಿಟ್ಲರನ ಕೈಯಿಂದ ಮಕ್ಕಳನ್ನಾದರೂ ಉಳಿಸೋಣ ಅಂತ 1938ರ ಡಿಸೆಂಬರ್‌ನಿಂದ ಯುದ್ಧ ಶುರುವಾಗುವ ತನಕ ಸುಮಾರು 10,000 ಮಕ್ಕಳನ್ನು ಹೀಗೆ ಸಾಗಿಸಿದ್ದರು. ದೊಡ್ಡವರು ಬಹಳಷ್ಟು ಮಂದಿ ಅಲ್ಲೇ ಉಳಿದರು. ರೋಮರ್ 1945ರಲ್ಲಿ ಅಮೆರಿಕಕ್ಕೆ ಬಂದ ಮೇಲೆ, ಹಾರ್ವರ್ಡ್‌ನಲ್ಲಿ ಓದುವಾಗ ರಾಬರ್ಟ್ ಯಂಗ್ ಪರಿಚಯ ಆಯಿತು.

ತನ್ನ ಜನರನ್ನು ದಿನಾ ಒಂದೊಂದು ಮೆಟ್ಟಿಲು ಕೆಳಗಿಳಿಸುವುದನ್ನು ಕಂಡು ಬೆಳೆದ ಹುಡುಗ ಅವನು. ಅಂಗಡಿ ಹೋಯಿತು, ಸ್ಕೂಲು ಹೋಯಿತು, ಬೀದಿಯಲ್ಲಿ ಮರ್ಯಾದೆ ಹೋಯಿತು. ಹೊರಗೆ ಅವಮಾನ ಪಟ್ಟ ಅಪ್ಪ ಮನೆಗೆ ಬಂದು ಹೇಗೆ ಬಾಗಿಲು ತೆರೆಯುತ್ತಾನೆ, ಹೇಗೆ ಊಟಕ್ಕೆ ಕೂರುತ್ತಾನೆ, ಇದನ್ನು ತಿಳಿಯಲು ರೋಮರ್ ಅಲಬಾಮಾದಲ್ಲೇ ಹುಟ್ಟಬೇಕಾಗಿರಲಿಲ್ಲ ಅಂತ ನನಗನ್ನಿಸುತ್ತದೆ. ಆದರೆ ಅಷ್ಟಕ್ಕೇ ಅವರು ತೃಪ್ತಿ ಪಟ್ಟುಕೊಳ್ಳಲಿಲ್ಲ. 1962ರಲ್ಲಿ ಇಬ್ಬರೂ ದಕ್ಷಿಣದ ರಾಜ್ಯಗಳಿಗೆ ಹೋದರು. ಯಂಗ್‌ಗೆ ಆ ಕಡೆಯ ಪರಿಚಯ ಮೊದಲೇ ಇತ್ತು, 1960ರಲ್ಲಿ ನ್ಯಾಶ್‌ವಿಲ್‌ನ ವಿದ್ಯಾರ್ಥಿಗಳು ಬಿಳಿಯರ ಊಟದ ಕೌಂಟರುಗಳಲ್ಲಿ ಕೂತು ಚಳವಳಿ ಮಾಡಿದ್ದನ್ನು ಅವರು ಟಿವಿಗೆ ಚಿತ್ರಿಸಿದ್ದರು. ಎನ್‌ಎಎಸಿಪಿ ಅನ್ನುವ ಹಳೆಯ ಹಕ್ಕು ಸಂಘಟನೆಯ ಪರಿಚಯದಿಂದ ಕರಿಯರ ಮನೆಮನೆಗಳಲ್ಲಿ ಉಳಿದರು. ಒಂದು ಮನೆಯವರು ಇನ್ನೊಂದು ಮನೆಗೆ ದಾಟಿಸುತ್ತಿದ್ದರು. ಇಬ್ಬರು ಬಿಳಿಯರು ಕರಿಯರ ಮನೆಯಲ್ಲಿ ರಾತ್ರಿ ಉಳಿಯುವುದು ಆಗ ಆ ಮನೆಯವರ ಜೀವಕ್ಕೆ ಅಪಾಯ. ಅತಿಥಿಗಳಿಗಿಂತ ಮನೆಯವರ ಧೈರ್ಯ ದೊಡ್ಡದು ಅಂತ ನಾನು ಲೆಕ್ಕ ಹಾಕುತ್ತೇನೆ.

ಎನ್‌ಎಎಸಿಪಿ ಹೆಸರು ಬಂದಿದ್ದಕ್ಕೆ ಒಂದು ಮಾತು. ಅದನ್ನು ಕಟ್ಟಿದವರಲ್ಲಿ ಒಬ್ಬರು ಡುಬೋಯ್ಸ್. 1946ರಲ್ಲಿ ನಮ್ಮ ಬಾಬಾಸಾಹೇಬರು ಡುಬೋಯ್ಸ್ ಅವರಿಗೆ ಪತ್ರ ಬರೆದಿದ್ದರು. ಅಮೆರಿಕದ ಕರಿಯರು ವಿಶ್ವಸಂಸ್ಥೆಗೆ ಸಲ್ಲಿಸಿದ ಅರ್ಜಿಯ ಪ್ರತಿ ಕಳಿಸಿಕೊಡಿ, ನಮ್ಮ ಜನರೂ ಆ ದಾರಿ ಯೋಚಿಸುತ್ತಿದ್ದಾರೆ ಅಂತ. ಡುಬೋಯ್ಸ್ ಉತ್ತರವನ್ನೂ ಬರೆದರು. ಹಾಗಾಗಿ ಈ ಚಿತ್ರ ಯಾವುದೋ ದೂರದ ದೇಶದ ಕಥೆ ಅಂತ ನಾವು ಬದಿಗಿಡುವಂತಿಲ್ಲ. ಇಲ್ಲಿಂದ ಅಲ್ಲಿಗೆ ಕಾಗದ ಪತ್ರ ಬಹಳ ಹಿಂದೆಯೇ ಓಡಾಡಿದೆ.

ಚಿತ್ರೀಕರಣ ಆಗಿದ್ದು 1963ರ ಬೇಸಿಗೆಯಲ್ಲಿ. ಆ ವರ್ಷ ನಿಮಗೆಲ್ಲ ಗೊತ್ತು. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಶಾಲಾ ಮಕ್ಕಳ ಮೇಲೆ ಪೊಲೀಸ್ ನಾಯಿ, ನೀರಿನ ಪೈಪು. ಜೂನ್‌ನಲ್ಲಿ ಎನ್‌ಎಎಸಿಪಿಯ ಮೆಡ್ಗರ್ ಎವರ್ಸ್ ತನ್ನ ಮನೆಯ ಮುಂದೆಯೇ ಗುಂಡೇಟಿಗೆ ಬಿದ್ದರು. ಆಗಸ್ಟ್ 28ಕ್ಕೆ ಕರಿಯರ ಹಕ್ಕಿಗಾಗಿ ವಾಷಿಂಗ್ಟನ್ ಮೆರವಣಿಗೆ. ಸೆಪ್ಟೆಂಬರ್ 15ಕ್ಕೆ ಬರ್ಮಿಂಗ್‌ಹ್ಯಾಮ್‌ನ ಚರ್ಚಿನಲ್ಲಿ ಬಾಂಬಿಟ್ಟು ನಾಲ್ಕು ಹೆಣ್ಣುಮಕ್ಕಳನ್ನು ಕೊಂದರು. ಕಥೆ ನಡೆಯುವುದು ಆ ಬರ್ಮಿಂಗ್‌ಹ್ಯಾಮ್ ಸುತ್ತಮುತ್ತ. ಕರಿಯ ಬಿಳಿಯ ಒಟ್ಟಿಗೆ ಇರುವ ತಂಡ ಕಟ್ಟಿಕೊಂಡು ಅಲ್ಲಿ ಹೋಗಿ ಶೂಟಿಂಗ್ ಮಾಡುವ ಮಾತೇ ಇರಲಿಲ್ಲ. ಹಾಗಾಗಿ ನೀವು ಅಲಬಾಮಾ ಅಂದುಕೊಂಡು ನೋಡಿದ್ದೆಲ್ಲ ಉತ್ತರದ ನ್ಯೂಜೆರ್ಸಿ ರಾಜ್ಯ.

ಇಲ್ಲೇ ನನ್ನ ಮಾತು ಮತ್ತೆ ಬರುತ್ತದೆ. ಇಷ್ಟೆಲ್ಲ ಸುತ್ತ ಹೊತ್ತಿ ಉರಿಯುತ್ತಿದ್ದಾಗ ತೆಗೆದ ಚಿತ್ರದಲ್ಲಿ ಮೆರವಣಿಗೆ ಇಲ್ಲ. ಪೊಲೀಸ್ ನಾಯಿ ಇಲ್ಲ. ಡಾಕ್ಟರ್ ಮಾರ್ಟಿನ್ ಲೂಥರ್ ಕಿಂಗ್ ಇಲ್ಲ. ಮುಖ್ಯವಾಗಿ, ಕೊನೆಗೆ ಬಂದು ಎಲ್ಲ ಸರಿ ಮಾಡುವ ಒಳ್ಳೆಯ ಬಿಳಿಯ ಇಲ್ಲವೇ ಇಲ್ಲ. ಅದೇ 1964ರಲ್ಲಿ ಸಿಡ್ನಿ ಪಾಟಿಯೇಗೆ ಆಸ್ಕರ್ ಬಂತು. ದೊಡ್ಡ ನಟ, ಅವರ ಬಗ್ಗೆ ನನಗೆ ಅಪಾರ ಗೌರವ. ಆದರೆ ಆ ಕಾಲದ ಹಾಲಿವುಡ್ ಅವರಿಗೆ ಕೊಟ್ಟ ಪಾತ್ರಗಳು ಎಂಥವು? ತಪ್ಪೇ ಮಾಡದ, ಸಿಟ್ಟು ನುಂಗಿಕೊಂಡ, ಬಿಳಿಯರಿಗೆ ನೆರವಾಗುವ ಮನುಷ್ಯ. ಆಸ್ಕರ್ ತಂದುಕೊಟ್ಟ ಪಾತ್ರದಲ್ಲಿ ಅವರು ಕ್ರೈಸ್ತ ಸನ್ಯಾಸಿನಿಯರಿಗೆ ಚರ್ಚು ಕಟ್ಟಿಕೊಟ್ಟು ಹೊರಟುಹೋಗುತ್ತಾರೆ. ಡಫ್ ಯಾರಿಗೂ ಚರ್ಚು ಕಟ್ಟಿಕೊಡುವುದಿಲ್ಲ. ಅವನಿಗೆ ಬೇಕಿರುವುದು ಒಂದು ಹೆಂಡತಿ, ಒಂದು ಬಾಡಿಗೆ ಮನೆ, ನಗಬೇಕಾಗಿಲ್ಲದ ಕೆಲಸ. ನನಗೆ ಇದು ಮೆರವಣಿಗೆಗಿಂತ ಚಿಕ್ಕ ವಿಷಯ ಅನ್ನಿಸುವುದಿಲ್ಲ. ಮೆರವಣಿಗೆ ಹೊರಟಿದ್ದೇ ಇದಕ್ಕಲ್ವಾ? ವಾಷಿಂಗ್ಟನ್ ಮೆರವಣಿಗೆಯ ಪೂರ್ತಿ ಹೆಸರಿನಲ್ಲಿ ಮೊದಲು ಬರುವುದೇ ಉದ್ಯೋಗ, ಆಮೇಲೆ ಸ್ವಾತಂತ್ರ್ಯ.

ಹಾಗಾದರೆ ಇಂಥ ಚಿತ್ರ ಯಾಕೆ ಮರೆತುಹೋಯಿತು? ವೆನಿಸ್ ಚಿತ್ರೋತ್ಸವದಲ್ಲಿ 1964ರಲ್ಲಿ ಪ್ರಶಸ್ತಿ ಬಂತು. ನ್ಯೂಯಾರ್ಕ್ ಚಿತ್ರೋತ್ಸವದಲ್ಲೂ ತೋರಿಸಿದರು. ಹೊಗಳಿದವರು ಇದ್ದರು, ಥಿಯೇಟರ್ ಕೊಡುವವರು ಕಡಿಮೆ. ಯಾರ ಬದುಕು ಪರದೆ ಮೇಲಿತ್ತೋ ಅವರ ಬೀದಿಯ ಥಿಯೇಟರುಗಳಿಗೆ ಚಿತ್ರ ಸರಿಯಾಗಿ ಮುಟ್ಟಲಿಲ್ಲ. 1993ರಲ್ಲಿ ಮತ್ತೆ ಬಿಡುಗಡೆ ಆಯಿತು, ಅದೇ ವರ್ಷ ಅಮೆರಿಕ ಸರ್ಕಾರದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೂ ಸೇರಿತು. ಸುಮಾರು 30 ವರ್ಷ ಬೇಕಾಯಿತು ನೋಡಿ.

ರೋಮರ್ ಅವರ ಹಣೆಬರಹವೇ ಹಾಗಿತ್ತು. ಒಂದು ಪ್ರಸಂಗ ಹೇಳಲೇಬೇಕು, ಸ್ವಲ್ಪ ಉದ್ದ ಆಗುತ್ತದೆ. ಇದಾದ ಮೇಲೆ ಅವರು ಒಂದು ಹಾಸ್ಯಚಿತ್ರ ಮಾಡಿದರು, 'ದ ಪ್ಲಾಟ್ ಅಗೆನ್ಸ್ಟ್ ಹ್ಯಾರಿ' ಅಂತ. ನ್ಯೂಯಾರ್ಕಿನ ಒಬ್ಬ ಪುಡಿ ಮಟ್ಕಾ ದಂಧೆಯವನು ಜೈಲಿನಿಂದ ಬಿಡುಗಡೆಯಾಗಿ ಬರುತ್ತಾನೆ, ಬಂದು ನೋಡಿದರೆ ಅವನ ಏರಿಯಾ ಬೇರೆಯವರ ಪಾಲಾಗಿದೆ, ಹಳೇ ಹೆಂಡತಿಯ ಕಡೆಯವರೆಲ್ಲ ಒಬ್ಬೊಬ್ಬರಾಗಿ ವಕ್ಕರಿಸುತ್ತಾರೆ. 1960ರ ದಶಕದ ಕೊನೆಯಲ್ಲಿ ತೆಗೆದದ್ದು. ಮುಗಿಸಿ ಜನರಿಗೆ ತೋರಿಸಿದರು. ಹಾಸ್ಯಚಿತ್ರ, ಹಾಲ್‌ನಲ್ಲಿ ಒಬ್ಬರೂ ನಗಲಿಲ್ಲ. ಕೊಳ್ಳುವವರೂ ಸಿಗಲಿಲ್ಲ. ರೋಮರ್ ಡಬ್ಬಿಗಳನ್ನು ಮುಚ್ಚಿಟ್ಟು ಯೇಲ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಾ ಉಳಿದರು. ವರ್ಷಗಟ್ಟಲೆ ಪಾಠ. ಸುಮಾರು 20 ವರ್ಷ ಆದ ಮೇಲೆ, ತನ್ನ ಮಕ್ಕಳಿಗಾದರೂ ಒಂದೊಂದು ಪ್ರತಿ ಇರಲಿ ಅಂತ ಆ ಚಿತ್ರವನ್ನು ವಿಡಿಯೋಗೆ ಹಾಕಿಸಲು ಲ್ಯಾಬಿಗೆ ಕೊಟ್ಟರು. ಲ್ಯಾಬಿನಲ್ಲಿ ಪ್ರತಿ ಮಾಡುತ್ತಿದ್ದ ಟೆಕ್ನಿಷಿಯನ್ ಇದ್ದನಲ್ಲ, ಅವನು ನೋಡುತ್ತಾ ನೋಡುತ್ತಾ ನಗಲು ಶುರು ಮಾಡಿದ. ಅವನು ಯಾರೋ ಏನೋ, ಅವನಿಗೆ ರೋಮರ್ ಯಾರು ಅಂತ ಗೊತ್ತಿರಬೇಕಾಗಿಲ್ಲ, ಮರ್ಯಾದೆಗೆ ನಗಬೇಕಾದ ಅಗತ್ಯವೂ ಇಲ್ಲ. ಅವನ ಪಾಡಿಗೆ ಅವನು ನಗುತ್ತಿದ್ದಾನೆ. ರೋಮರ್ ಆ ನಗು ನಂಬಿ ಚಿತ್ರವನ್ನು ಉತ್ಸವಗಳಿಗೆ ಕಳಿಸಿದರು. 1989ರಲ್ಲಿ ನ್ಯೂಯಾರ್ಕ್, ಟೊರಾಂಟೊ. ಮರುವರ್ಷ ಕಾನ್. ಥಿಯೇಟರ್ ತುಂಬ ನಗು. ಒಂದು ಅಕ್ಷರ ಬದಲಾಗಿಲ್ಲ, ಒಂದು ಶಾಟ್ ಬದಲಾಗಿಲ್ಲ.

ಈ ಪ್ರಸಂಗ ನನಗೆ ತುಂಬಾ ಇಷ್ಟ, ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ. ಆ ಟೆಕ್ನಿಷಿಯನ್ ನಗದೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ. ಇಂಥ ಸಂಘಗಳು ಇರುವುದೇ ಅದಕ್ಕೆ. ಕೂತು ನೋಡುವ ಒಬ್ಬರು ಬೇಕು.

ಯಂಗ್ ಅವರದ್ದೂ ಒಂದಿದೆ. ಈ ಚಿತ್ರಕ್ಕೆ ಮೊದಲು ಇಬ್ಬರೂ ಸೇರಿ ಇಟಲಿಯ ಪಲೆರ್ಮೋದ ಒಂದು ಕೊಳೆಗೇರಿಯ ಬಗ್ಗೆ ಎನ್‌ಬಿಸಿ ಟಿವಿಗೆ ಸಾಕ್ಷ್ಯಚಿತ್ರ ಮಾಡಿದ್ದರು. ಚಾನೆಲ್‌ನವರು ಪ್ರಸಾರ ಮಾಡದೆ ತಡೆದರು. ಆ ಬೇಸರದಿಂದಲೇ ಇಬ್ಬರೂ ಸ್ವಂತವಾಗಿ ಸಿನಿಮಾ ಮಾಡೋಣ ಅಂತ ಹೊರಟಿದ್ದು. 1990ರ ದಶಕದಲ್ಲಿ ಯಂಗ್ ಮಗ ಮತ್ತು ಸೊಸೆ ಅದೇ ಕೇರಿಯ ಜನರನ್ನು ಹುಡುಕಿಕೊಂಡು ಹೋಗಿ, ಹಳೆಯ ದೃಶ್ಯಗಳನ್ನೂ ಸೇರಿಸಿ ಹೊಸ ಚಿತ್ರ ಮಾಡಿದರು, ಅದು ಆಸ್ಕರ್ ನಾಮನಿರ್ದೇಶನದ ತನಕ ಹೋಯಿತು. ಕಾಯುವುದು ಆ ಮನೆತನದ ಅಭ್ಯಾಸ ಅಂತ ಕಾಣುತ್ತದೆ.

ಸರಿ, ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಅಪ್ಪನ ವಿಷಯ ಬಿಡುವಂತಿಲ್ಲ ಸಾರ್, ಅದೊಂದು ಹೇಳಿ ಬೇಗ ಮುಗಿಸುತ್ತೇನೆ.

ಡಫ್ ಬರ್ಮಿಂಗ್‌ಹ್ಯಾಮ್‌ಗೆ ಹೋಗುವುದು ಮದುವೆಗೆ ಮೊದಲೇ ಹುಟ್ಟಿದ ಮಗನನ್ನು ನೋಡಲು. ಆ ಮಗು ತನ್ನದೇ ಅಂತ ಅವನಿಗೆ ಖಾತ್ರಿ ಇಲ್ಲ. ತಾಯಿ ಬಿಟ್ಟು ಹೋಗಿದ್ದಾಳೆ, ಯಾರೋ ಹೆಂಗಸು ಬೇಕೋ ಬೇಡವೋ ಅಂತ ನೋಡಿಕೊಳ್ಳುತ್ತಿದ್ದಾಳೆ. ಅದೇ ಊರಿನಲ್ಲಿ ಅವನ ಅಪ್ಪ ವಿಲ್. ಕೆಲಸದಲ್ಲಿ ಒಂದು ಕೈ ಇದ್ದೂ ಇಲ್ಲದ ಹಾಗೆ ಆಗಿ, ಕುಡಿತಕ್ಕೆ ಬಿದ್ದು, ಜೊತೆಗಿರುವ ಲೀ ಅನ್ನುವ ಹೆಂಗಸಿನ ಮೇಲೆ ಹರಿಹಾಯುತ್ತಾ ಬದುಕುತ್ತಿರುವವನು. ಲೀ ಪಾತ್ರ ಮಾಡಿದ ಗ್ಲೋರಿಯಾ ಫಾಸ್ಟರ್ ಬಗ್ಗೆ ಹೇಳಲು ಈಗ ಸಮಯ ಇಲ್ಲ, ಆದರೆ ಆಕೆ ಸುಮ್ಮನೆ ಕೂತು ವಿಲ್‌ನನ್ನು ನೋಡುವುದನ್ನು ಇನ್ನೊಂದು ಸಲ ಗಮನಿಸಿ. ಜೂಲಿಯಸ್ ಹ್ಯಾರಿಸ್‌ಗೆ ಇದು ಮೊದಲ ಚಿತ್ರ. ಡಫ್ ಪಾತ್ರದ ಐವನ್ ಡಿಕ್ಸನ್‌ಗಿಂತ ಅವರು ನಿಜದಲ್ಲಿ ಎಂಟೇ ವರ್ಷ ದೊಡ್ಡವರು. ಆದರೂ ಆ ಮುಖದಲ್ಲಿ ಎಷ್ಟು ಸವೆತ ಇದೆ! ಡಫ್ ಅಪ್ಪನನ್ನು ನೋಡುವಾಗ ಮುಂದಿನ ತನ್ನನ್ನೇ ನೋಡುತ್ತಿದ್ದಾನೆ.

ವಿಲ್ ಸತ್ತ ಮೇಲೆ ಹೆಣದ ವ್ಯವಸ್ಥೆ ಮಾಡುವವನ ಹತ್ತಿರ ಕೂತ ಆ ದೃಶ್ಯ. ಅವನು ಫಾರಂ ತುಂಬಿಸಲು ಕೇಳುತ್ತಾನೆ. ನಿಮ್ಮ ತಂದೆ ಹುಟ್ಟಿದ್ದು ಎಲ್ಲಿ? ಡಫ್‌ಗೆ ಗೊತ್ತಿಲ್ಲ. ಮಗನಿಗೆ ಅಪ್ಪ ಹುಟ್ಟಿದ ಊರು ಗೊತ್ತಿಲ್ಲ. ಉಳಿದದ್ದು ಜೇಬಿನಲ್ಲಿದ್ದ ನಾಲ್ಕು ಸಾಮಾನು. ಯಾರೂ ಅಳುವುದಿಲ್ಲ, ಸಂಗೀತ ಮೇಲೇರುವುದಿಲ್ಲ. ಡಫ್ ಎದ್ದು ಹೋಗಿ ಆ ಮಗುವನ್ನು ಕರೆದುಕೊಂಡು ಜೋಸಿಯ ಹತ್ತಿರ ವಾಪಸ್ ಬರುತ್ತಾನೆ. ಮಗು ತನ್ನದೋ ಅಲ್ಲವೋ ಅನ್ನುವ ಪ್ರಶ್ನೆಯನ್ನು ಅವನು ಅಲ್ಲೇ ಬಿಟ್ಟು ಬಂದಿರುತ್ತಾನೆ. ಕೆಲಸ ಸಿಕ್ಕಿತಾ? ಇಲ್ಲ. ಊರು ಬದಲಾಯಿತಾ? ಇಲ್ಲ. ಮಾವ ಒಪ್ಪಿದನಾ? ಅದನ್ನು ಚಿತ್ರ ಕೇಳುವುದೂ ಇಲ್ಲ. ಅದೇ ಊರು, ಅದೇ ಮೇಸ್ತ್ರಿ, ಅದೇ ಬಂಕು. ಅಲ್ಲೇ ಬದುಕುತ್ತೇನೆ ಅಂತ ಬರುತ್ತಾನೆ. ಪ್ರೀತಿ ಉಳಿಸಿಕೊಳ್ಳುವುದು ಅಂದೆನಲ್ಲ ಆಗಲೇ, ಅದು ಇದು.

ಇನ್ನು ಎರಡು ಮೂರು ವಿಷಯ ಚೀಟಿಯಲ್ಲಿ ಬರೆದುಕೊಂಡಿದ್ದೆ, ಓಡಿಸಿ ಹೇಳಿಬಿಡುತ್ತೇನೆ. ಹಾಡುಗಳು: ಬಾರಿನಲ್ಲಿ, ಮನೆಯಲ್ಲಿ ಕೇಳಿದ್ದೆಲ್ಲ ಡೆಟ್ರಾಯ್ಟಿನ ಮೋಟೌನ್ ಕಂಪನಿಯದ್ದು, ಆಗಿನ ಹೊಚ್ಚ ಹೊಸ ಹಾಡುಗಳು. ಅದರಲ್ಲಿ ಒಂದು ದನಿ ಇನ್ನೂ ಹುಡುಗನಾಗಿದ್ದ ಸ್ಟೀವಿ ವಂಡರ್‌ನದ್ದು. ಯಂಗ್ ಅವರ ಕ್ಯಾಮೆರಾ: ಸಾಕ್ಷ್ಯಚಿತ್ರದಿಂದ ಬಂದವರಾದ್ದರಿಂದ ಮುಖದ ಹತ್ತಿರ ಹೋಗಲು ಹೆದರಿಕೆ ಇಲ್ಲ, ಬೆವರು ಕಾಣುತ್ತದೆ. ಐವನ್ ಡಿಕ್ಸನ್: ಮುಂದೆ ಅಮೆರಿಕದ ಟಿವಿ ಹಾಸ್ಯ ಧಾರಾವಾಹಿಯೊಂದರಲ್ಲಿ ಪೋಷಕ ಪಾತ್ರವಾಗಿ ವರ್ಷಗಟ್ಟಲೆ ಕಳೆದರು, ಆಮೇಲೆ ನಿರ್ದೇಶಕರಾದರು. ಇಂಥ ನಟನಿಗೆ ಹಾಲಿವುಡ್ ಇನ್ನೊಂದು ಡಫ್ ಕೊಡಲಿಲ್ಲ ಅನ್ನುವುದು ನನಗೆ ಇವತ್ತಿಗೂ ಸಂಕಟ.

ಕೊನೆಯದು ಜೋಸಿ. ಅಬ್ಬಿ ಲಿಂಕನ್ ದೊಡ್ಡ ಜಾಜ್ ಗಾಯಕಿ. ಶುರುವಿನಲ್ಲಿ ಅವರನ್ನು ಬೆಡಗಿನ ಗೌನ್ ತೊಡಿಸಿ ಗ್ಲಾಮರ್ ಬೊಂಬೆ ಮಾಡಲು ನೋಡಿದ್ದರು. ಅದನ್ನು ಅವರೇ ತಳ್ಳಿಹಾಕಿ, 1960ರಲ್ಲಿ ಜಾಜ್ ಡ್ರಮ್ಮರ್ ಮ್ಯಾಕ್ಸ್ ರೋಚ್ ಜೊತೆ ಬಿಡುಗಡೆಯ ಹಾಡುಗಳ ಆಲ್ಬಮ್‌ಗೆ ದನಿ ಕೊಟ್ಟರು. ಅದರಲ್ಲಿ ಹಾಡುತ್ತಾ ಹಾಡುತ್ತಾ ಅವರು ಕಿರುಚುವುದನ್ನು ಒಮ್ಮೆ ಕೇಳಿ. ಅಂಥವರು ಈ ಚಿತ್ರದಲ್ಲಿ ದನಿ ತಗ್ಗಿಸಿಕೊಂಡೇ ಇರುತ್ತಾರೆ. ಡಫ್ ಹೊರಗಿನ ಅವಮಾನವನ್ನೆಲ್ಲ ತಂದು ಬಸುರಿ ಹೆಂಡತಿಯ ಮೇಲೆ ತೀರಿಸಿಕೊಳ್ಳುತ್ತಾನೆ, ನೂಕುತ್ತಾನೆ, ಬಿಟ್ಟು ಹೋಗುತ್ತಾನೆ. ಚಿತ್ರ ಅದನ್ನು ಮುಚ್ಚಿಡುವುದಿಲ್ಲ, ಅವನಿಗೆ ಮಾಫಿಯನ್ನೂ ಕೊಡಿಸುವುದಿಲ್ಲ. ಆದರೆ ನಾವು ಅವನ ಹಿಂದೆಯೇ ಬರ್ಮಿಂಗ್‌ಹ್ಯಾಮ್‌ಗೆ ಹೋಗುತ್ತೇವೆ. ಆ ದಿನಗಳಲ್ಲಿ ಜೋಸಿ ಒಬ್ಬಳೇ ಆ ಮನೆಯಲ್ಲಿ ಏನು ಮಾಡಿದಳು, ಅಪ್ಪನಿಗೆ ಏನು ಉತ್ತರ ಹೇಳಿದಳು, ಸ್ಕೂಲಿಗೆ ಹೇಗೆ ಹೋದಳು, ಕ್ಯಾಮೆರಾ ಅಲ್ಲಿ ಇರಲಿಲ್ಲ. ಅವನು ವಾಪಸ್ ಬರುತ್ತಾನೆ ಅಂತ ಅವಳು ಯಾಕೆ ನಂಬಬೇಕಿತ್ತು? ಈ ಚಿತ್ರದ ಮೇಲೆ ನನಗಿರುವ ದೊಡ್ಡ ತಕರಾರು ಇದೇ. ಹಿಂದಿನ ಸಾಲಿನಲ್ಲಿ ಸಿನಿಮಾ ನಡೆಯುವಾಗಲೇ ಇಬ್ಬರು ಹುಡುಗಿಯರು ಇದರ ಬಗ್ಗೆ ಪಿಸುಗುಟ್ಟುತ್ತಿದ್ದರು, ನನಗೆ ಕೇಳಿಸಿತು. ಅಮ್ಮಾ, ನೀವಿಬ್ಬರೂ ಮುಂದೆ ಬನ್ನಿ. ಸಾರ್, ಆ ಮೈಕ್ ಅವರಿಗೆ ಕೊಡಿ.